ಲೂಯಿಸ್ ರಚನೆ ಬರೆಯುವುದು ಹೇಗೆ: ಮೊದಲು ಲೆಕ್ಕ, ಆಮೇಲೆ ಗೆರೆ

ಅಣುವಿನಲ್ಲಿ ಯಾವ ಪರಮಾಣು ಯಾವುದಕ್ಕೆ ಅಂಟಿದೆ, ಎಲೆಕ್ಟ್ರಾನ್‌ಗಳು ಎಲ್ಲಿವೆ ಎಂದು ಗೆರೆ, ಚುಕ್ಕಿಗಳಲ್ಲಿ ತೋರಿಸುವ ಚಿತ್ರವೇ ಲೂಯಿಸ್ ರಚನೆ. ಒಂದು ಅಣುವಿನ ಲೂಯಿಸ್ ರಚನೆ ಬರೆಯಿರಿ ಅಂದ ತಕ್ಷಣ ಹೆಚ್ಚಿನ ವಿದ್ಯಾರ್ಥಿಗಳು ಗೆರೆ ಎಳೆಯಲು ಶುರು ಮಾಡುತ್ತಾರೆ. ಕಾರ್ಬನ್‌ಗೆ ನಾಲ್ಕು ಕೈ, ಆಕ್ಸಿಜನ್‌ಗೆ ಎರಡು, ಹೈಡ್ರೋಜನ್‌ಗೆ ಒಂದು. ಕೈಗೆ ಕೈ ಜೋಡಿಸುತ್ತಾ ಹೋದರೆ ಚಿತ್ರ ರೆಡಿ. ಮೀಥೇನ್, ನೀರು, ಈಥೇನ್ ತನಕ ಇದು ಚೆನ್ನಾಗಿಯೇ ನಡೆಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಬಂದಾಗ ಸ್ವಲ್ಪ ತಡವರಿಸುತ್ತದೆ. ಓಝೋನ್, ನೈಟ್ರೇಟ್ ಬಂದಾಗ ಪೂರ್ತಿ ಕೈಕೊಡುತ್ತದೆ.

ಇಲ್ಲಿ ಹೇಳುವ ದಾರಿ ಬೇರೆ. ಮೊದಲು ಅಣುವಿನಲ್ಲಿರುವ ಎಲ್ಲ ಹೊರಕವಚದ ಎಲೆಕ್ಟ್ರಾನ್‌ಗಳನ್ನು, ಅಂದರೆ ವೇಲೆನ್ಸಿ ಎಲೆಕ್ಟ್ರಾನ್‌ಗಳನ್ನು, ಎಣಿಸಿ ಒಂದೇ ಸಂಖ್ಯೆ ಮಾಡಿಕೊಳ್ಳಬೇಕು. ಆಮೇಲೆ ಆ ಸಂಖ್ಯೆಯನ್ನು ಹಂಚಬೇಕು. ಹಂಚಿದ ಮೇಲೆ ಒಂದೂ ಜಾಸ್ತಿ ಆಗಿರಬಾರದು, ಒಂದೂ ಕಡಿಮೆ ಬಿದ್ದಿರಬಾರದು. ಯಾವ ಎಲೆಕ್ಟ್ರಾನ್ ಯಾವ ಪರಮಾಣುವಿನಿಂದ ಬಂತು ಅಂತ ಕೇಳಲೇ ಬೇಡಿ. ಎಲೆಕ್ಟ್ರಾನ್‌ಗೆ ಹೆಸರೂ ಇಲ್ಲ, ಊರೂ ಇಲ್ಲ. ಹತ್ತನೇ ತರಗತಿಯಲ್ಲಿ ಒಂದು ಪರಮಾಣುವಿನದಕ್ಕೆ ಚುಕ್ಕಿ, ಇನ್ನೊಂದರದ್ದಕ್ಕೆ ಗುಣಾಕಾರದ ಗುರುತು ಹಾಕಿ ಕಲಿತಿರುತ್ತೀರಿ. ಆಗ ಅದು ಸರಿ. ಪಿಯುಸಿಗೆ ಬಂದ ಮೇಲೆ ಆ ಅಭ್ಯಾಸ ಬಿಟ್ಟರೆ ಒಳ್ಳೆಯದು.

ಒಂದು ಸೂಚನೆ. ಪರೀಕ್ಷೆಯಲ್ಲಿ ಧಾತುಗಳ ಚಿಹ್ನೆಯನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಇಲ್ಲಿ ಓದಿಕೊಂಡು ಹೋಗಲು ಸುಲಭವಾಗಲಿ ಎಂದು ಸಿ, ಎಚ್, ಓ, ಎನ್ ಎಂದೇ ಬರೆಯುತ್ತೇನೆ. ಒಂದು ಗೆರೆ ಅಂದರೆ ಒಂದು ಜೋಡಿ ಎಲೆಕ್ಟ್ರಾನ್, ಎರಡು ಪರಮಾಣುಗಳು ಹಂಚಿಕೊಂಡದ್ದು. ಎರಡು ಚುಕ್ಕಿ ಅಂದರೆ ಒಂಟಿ ಜೋಡಿ, ಒಂದೇ ಪರಮಾಣುವಿನ ಬಳಿ ಉಳಿದದ್ದು.

ಕೈಗೆ ಬೇಕಾದದ್ದು

ಪೆನ್ಸಿಲ್, ರಬ್ಬರ್, ಆವರ್ತ ಕೋಷ್ಟಕ. ಪೆನ್ನಿನಲ್ಲಿ ಶುರು ಮಾಡಬೇಡಿ. ಈ ಕೆಲಸದಲ್ಲಿ ಅಳಿಸುವುದೂ ಒಂದು ಹಂತ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ವೇಲೆನ್ಸಿ ಎಲೆಕ್ಟ್ರಾನ್‌ಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. 1 ಮತ್ತು 2ನೇ ಗುಂಪಿನ ಧಾತುಗಳಿಗೆ ಗುಂಪಿನ ಸಂಖ್ಯೆಯೇ ಉತ್ತರ. 13ರಿಂದ 18ರ ತನಕ ಗುಂಪಿನ ಸಂಖ್ಯೆಯಿಂದ 10 ಕಳೆಯಿರಿ. ಕಾರ್ಬನ್ 14ನೇ ಗುಂಪು, ಹಾಗಾಗಿ 4. ನೈಟ್ರೋಜನ್ 15, ಹಾಗಾಗಿ 5. ಆಕ್ಸಿಜನ್, ಸಲ್ಫರ್ ಎರಡಕ್ಕೂ 6. ಫ್ಲೋರಿನ್, ಕ್ಲೋರಿನ್, ಬ್ರೋಮಿನ್‌ಗೆ 7. ಹೀಲಿಯಂ ಒಂದು 18ನೇ ಗುಂಪಿನಲ್ಲಿದ್ದರೂ ಅದರ ಬಳಿ ಇರುವುದೇ 2. ಮಧ್ಯದ ಕಬ್ಬಿಣ, ತಾಮ್ರದಂಥ ಸಂಕ್ರಮಣ ಧಾತುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅವನ್ನು ಇಲ್ಲಿ ಮುಟ್ಟುವುದೂ ಇಲ್ಲ.

ಒಂದೇ ಅಣು, ಪೂರ್ತಿ ದಾರಿ

ಉದಾಹರಣೆಗೆ ಫಾರ್ಮಾಲ್ಡಿಹೈಡ್ ತೆಗೆದುಕೊಳ್ಳೋಣ, ಸಿಎಚ್₂ಓ. ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲಿ ಗಾಜಿನ ಜಾಡಿಯೊಳಗೆ ಕಪ್ಪೆ, ಮೀನು ಇಟ್ಟಿರುತ್ತಾರಲ್ಲ, ಮೂಗಿಗೆ ಚುರ್ ಎನ್ನುವ ಆ ಫಾರ್ಮಲಿನ್ ಈ ಅನಿಲವನ್ನು ನೀರಿಗೆ ಬೆರೆಸಿ ಮಾಡಿದ್ದೇ. ನೀರು, ಮೀಥೇನ್ ಬಿಟ್ಟು ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಾಲ್ಕೇ ಪರಮಾಣು ಇದ್ದರೂ ಎಲ್ಲ ಹಂತಗಳೂ ಇದರಲ್ಲಿ ಬರುತ್ತವೆ.

ಹಂತ 1: ಒಟ್ಟು ಎಣಿಸಿ. ಕಾರ್ಬನ್‌ದು 4. ಹೈಡ್ರೋಜನ್ ಎರಡಿವೆ, ತಲಾ 1, ಒಟ್ಟು 2. ಆಕ್ಸಿಜನ್‌ದು 6. ಕೂಡಿದರೆ 12. ಈ 12ನ್ನು ಹಾಳೆಯ ಮೂಲೆಯಲ್ಲಿ ಬರೆದು ಸುತ್ತ ಒಂದು ವೃತ್ತ ಹಾಕಿ. ಕೊನೆಯ ತನಕ ಅದು ಕಣ್ಣೆದುರು ಇರಬೇಕು. ಅಣುವಿನ ಬದಲು ಅಯಾನು, ಅಂದರೆ ಚಾರ್ಜ್ ಇರುವ ಕಣ, ಕೊಟ್ಟಿದ್ದರೆ ಇಲ್ಲೇ ಸರಿಪಡಿಸಿಕೊಳ್ಳಬೇಕು. ಋಣ ಚಾರ್ಜ್ ಇದ್ದರೆ ಅಷ್ಟು ಕೂಡಿ, ಧನ ಚಾರ್ಜ್ ಇದ್ದರೆ ಅಷ್ಟು ಕಳೆಯಿರಿ. ಎಲೆಕ್ಟ್ರಾನ್ ಋಣ, ಅದಕ್ಕೇ ಈ ತಿರುಗುಮುರುಗು. ಅವಸರದಲ್ಲಿ ಮೈನಸ್ ಕಂಡರೆ ಕಳೆಯುವವರೇ ಜಾಸ್ತಿ.

ಹಂತ 2: ಅಸ್ಥಿಪಂಜರ ಬರೆಯಿರಿ. ಅಂದರೆ ಯಾರ ಪಕ್ಕ ಯಾರು ಎಂಬುದು. ಮಧ್ಯದಲ್ಲಿ ಯಾವ ಪರಮಾಣು ಇಡಬೇಕು? ಹೈಡ್ರೋಜನ್ ಎಂದೂ ಮಧ್ಯಕ್ಕೆ ಬರುವುದಿಲ್ಲ, ಅದು ಒಂದೇ ಬಂಧ ಮಾಡುತ್ತದೆ. ಫ್ಲೋರಿನ್ ಕೂಡ ಅಂಚಿನಲ್ಲೇ ಇರುತ್ತದೆ. ಉಳಿದವುಗಳಲ್ಲಿ ಎಲೆಕ್ಟ್ರಾನ್ ಸೆಳೆಯುವ ಶಕ್ತಿ ಯಾವುದಕ್ಕೆ ಕಡಿಮೆಯೋ ಅದು ಮಧ್ಯಕ್ಕೆ. ಕಾರ್ಬನ್ ಇದ್ದರೆ ಸಾಮಾನ್ಯವಾಗಿ ಅದೇ. ಆಕ್ಸಿಜನ್ ಮಧ್ಯಕ್ಕೆ ಬರುವುದು ಕಡಿಮೆ. ನೀರಿನಲ್ಲಿ ಬರುತ್ತದೆ, ಓಝೋನ್‌ನಲ್ಲಿ ಬರುತ್ತದೆ, ಅಲ್ಲಿ ಬೇರೆ ದಾರಿ ಇಲ್ಲ. ನಮ್ಮ ಅಣುವಿನಲ್ಲಿ ಸಿ ಮಧ್ಯಕ್ಕೆ, ಅದರ ಸುತ್ತ ಎಚ್, ಎಚ್, ಓ.

ಇಲ್ಲಿ ಒಂದು ಬಲೆ ಇದೆ. ಸೂತ್ರದಲ್ಲಿ ಬರೆದ ಸಾಲಿನಲ್ಲೇ ಪರಮಾಣುಗಳನ್ನು ಪೋಣಿಸಬೇಡಿ. ನೀರಿನ ಸೂತ್ರ ಎಚ್₂ಓ ಎಂದು ಇದೆ ಅಂತ ಎಚ್–ಎಚ್–ಓ ಬರೆದ ಉತ್ತರಪತ್ರಿಕೆಗಳು ಬೇಕಾದಷ್ಟಿವೆ. ಆ ಚಿತ್ರದಲ್ಲಿ ನಡುವಿನ ಹೈಡ್ರೋಜನ್‌ಗೆ ಎರಡು ಬಂಧ ಬಂತು, ಅಂದರೆ ನಾಲ್ಕು ಎಲೆಕ್ಟ್ರಾನ್. ಅದಕ್ಕೆ ಹಿಡಿಯುವುದೇ ಎರಡು.

ಹಂತ 3: ಪಕ್ಕಪಕ್ಕದವರ ನಡುವೆ ಒಂದೊಂದೇ ಗೆರೆ. ಸಿ–ಎಚ್, ಸಿ–ಎಚ್, ಸಿ–ಓ. ಮೂರು ಗೆರೆ, 6 ಎಲೆಕ್ಟ್ರಾನ್ ಖರ್ಚು. ಮೂಲೆಯ 12ರಿಂದ 6 ಕಳೆಯಿರಿ. ಉಳಿದದ್ದು 6. ಇಲ್ಲಿ ದ್ವಿಬಂಧ, ಅಂದರೆ ಎರಡು ಗೆರೆಯ ಬಂಧ, ಬರುತ್ತದೆ ಅಂತ ಮೊದಲೇ ಗೊತ್ತಿದ್ದರೂ ಈಗಲೇ ಹಾಕಬೇಡಿ. ಎಲ್ಲಿ ಬೇಕು ಎಂಬುದನ್ನು ಲೆಕ್ಕವೇ ಹೇಳುತ್ತದೆ.

ಹಂತ 4: ಉಳಿದದ್ದನ್ನು ಅಂಚಿನವರಿಗೆ ಮೊದಲು ಕೊಡಿ. ಹೈಡ್ರೋಜನ್‌ಗಳಿಗೆ ಒಂದೊಂದು ಗೆರೆ ಬಂದಾಗಿದೆ, ಎರಡೆರಡು ಎಲೆಕ್ಟ್ರಾನ್ ಆಯಿತು, ಅವಕ್ಕೆ ಸಾಕು. ಆಕ್ಸಿಜನ್‌ಗೆ ಒಂದು ಗೆರೆಯಿಂದ 2 ಬಂದಿದೆ. ಹೈಡ್ರೋಜನ್ ಬಿಟ್ಟು ಉಳಿದವಕ್ಕೆ ಸಾಮಾನ್ಯವಾಗಿ ಸುತ್ತ 8 ಎಲೆಕ್ಟ್ರಾನ್ ಬೇಕು, ಇದೇ ಅಷ್ಟಕ ನಿಯಮ. ಹಾಗಾಗಿ ಇನ್ನೂ 6 ಬೇಕು. ಇರುವ ಆರನ್ನೂ ಅದರ ಸುತ್ತ ಮೂರು ಜೋಡಿಯಾಗಿ ಇಡಿ. ಖಜಾನೆ ಖಾಲಿ. ಅಂಚಿನವರಿಗೆ ಕೊಟ್ಟ ಮೇಲೂ ಉಳಿದಿದ್ದರೆ ಅದು ಮಧ್ಯದ ಪರಮಾಣುವಿಗೆ ಹೋಗುತ್ತದೆ. ಇಲ್ಲಿ ಏನೂ ಉಳಿದಿಲ್ಲ.

ಹಂತ 5: ಮಧ್ಯದ ಪರಮಾಣುವನ್ನು ನೋಡಿ. ಕಾರ್ಬನ್ ಸುತ್ತ ಮೂರು ಗೆರೆ ಇವೆ, ಅಂದರೆ 6 ಎಲೆಕ್ಟ್ರಾನ್. ಅಷ್ಟಕ ನಿಯಮದ ಪ್ರಕಾರ 8 ಬೇಕು. ಎರಡು ಕಡಿಮೆ. ಹೊಸ ಎಲೆಕ್ಟ್ರಾನ್ ತರುವ ಹಾಗಿಲ್ಲ. ಹಾಗಾದರೆ ಏನು ಮಾಡಬೇಕು? ಆಕ್ಸಿಜನ್ ಬಳಿ ಇರುವ ಮೂರು ಒಂಟಿ ಜೋಡಿಗಳಲ್ಲಿ ಒಂದನ್ನು ಎಳೆದು ಸಿ ಮತ್ತು ಓ ನಡುವೆ ಇಡಬೇಕು. ಅದು ಎರಡನೇ ಗೆರೆಯಾಗುತ್ತದೆ. ಆ ಜೋಡಿ ಈಗ ಇಬ್ಬರ ಲೆಕ್ಕಕ್ಕೂ ಸೇರುತ್ತದೆ. ಆಕ್ಸಿಜನ್ ಏನನ್ನೂ ಕಳೆದುಕೊಳ್ಳಲಿಲ್ಲ, ಕಾರ್ಬನ್‌ಗೆ 8 ತುಂಬಿತು.

ಜಾಸ್ತಿ ಮಾರ್ಕ್ಸ್ ಹೋಗುವುದು ಇದೇ ಹಂತದಲ್ಲಿ. ಎರಡನೇ ಗೆರೆ ಎಳೆಯುತ್ತಾರೆ, ಆದರೆ ಓ ಮೇಲಿನ ಆರು ಚುಕ್ಕಿಗಳನ್ನು ಹಾಗೇ ಬಿಡುತ್ತಾರೆ. ಆಗ ಒಟ್ಟು 14 ಆಯಿತು, ಆಕ್ಸಿಜನ್ ಸುತ್ತ 10 ಆಯಿತು. ಕೈಗೆ ಒಂದು ಶಿಸ್ತು ಕಲಿಸಿ: ಮೊದಲು ಎರಡು ಚುಕ್ಕಿ ಅಳಿಸಿ, ರಬ್ಬರ್ ಪುಡಿ ಕೊಡವಿ, ಆಮೇಲೆ ಗೆರೆ ಎಳೆಯಿರಿ. ಈ ಕ್ರಮ ತಿರುಗುಮುರುಗು ಮಾಡಿದರೆ ಅಳಿಸುವುದು ಮರೆತೇ ಹೋಗುತ್ತದೆ.

ಹಂತ 6: ಮತ್ತೆ ಎಣಿಸಿ. ಎರಡು ಸಿ–ಎಚ್ ಗೆರೆ, ಸಿ ಮತ್ತು ಓ ನಡುವೆ ಎರಡು ಗೆರೆ. ನಾಲ್ಕು ಗೆರೆ, 8 ಎಲೆಕ್ಟ್ರಾನ್. ಓ ಮೇಲೆ ಎರಡು ಜೋಡಿ ಚುಕ್ಕಿ, 4. ಒಟ್ಟು 12. ಮೂಲೆಯ ಸಂಖ್ಯೆಗೆ ಹೊಂದಿತು.

ಹಂತ 7: ಫಾರ್ಮಲ್ ಚಾರ್ಜ್ ನೋಡಿ. ಅಂದರೆ ಪ್ರತಿ ಗೆರೆಯ ಜೋಡಿಯನ್ನು ಇಬ್ಬರಿಗೂ ಸಮನಾಗಿ ಹಂಚಿದರೆ ಒಂದೊಂದು ಪರಮಾಣುವಿನ ಪಾಲಿಗೆ ಬರುವ ಲೆಕ್ಕದ ಚಾರ್ಜ್. ಪ್ರತಿ ಪರಮಾಣುವಿಗೂ ಒಂದು ಸಣ್ಣ ಕಳೆಯುವ ಲೆಕ್ಕ: ಅದರ ವೇಲೆನ್ಸಿ ಎಲೆಕ್ಟ್ರಾನ್‌ಗಳಿಂದ ಅದರ ಚುಕ್ಕಿಗಳನ್ನು ಕಳೆಯಿರಿ, ಅದರ ಗೆರೆಗಳನ್ನೂ ಕಳೆಯಿರಿ. ಚುಕ್ಕಿಗೆ ಒಂದು, ಗೆರೆಗೂ ಒಂದು. ಕಾರ್ಬನ್: 4ರಲ್ಲಿ ಚುಕ್ಕಿ 0, ಗೆರೆ 4, ಉಳಿದದ್ದು 0. ಆಕ್ಸಿಜನ್: 6ರಲ್ಲಿ ಚುಕ್ಕಿ 4, ಗೆರೆ 2, ಉಳಿದದ್ದು 0. ಹೈಡ್ರೋಜನ್: 1ರಲ್ಲಿ ಗೆರೆ 1, ಉಳಿದದ್ದು 0. ಎಲ್ಲವೂ ಸೊನ್ನೆ, ಇದಕ್ಕಿಂತ ಒಳ್ಳೆಯ ರಚನೆ ಬೇಡ.

ಅಷ್ಟಕ ಎಣಿಸುವಾಗ ಒಂದು ಗೆರೆಗೆ ಎರಡು, ಫಾರ್ಮಲ್ ಚಾರ್ಜ್ ಎಣಿಸುವಾಗ ಒಂದು ಗೆರೆಗೆ ಒಂದು. ಇವೆರಡನ್ನು ಕಲಸಿದರೆ ಲೆಕ್ಕ ಕೆಡುತ್ತದೆ.

ಈ ಹಂತ ಸುಮ್ನೆ ಅಲಂಕಾರಕ್ಕಲ್ಲ. ಇದೇ ಪರಮಾಣುಗಳನ್ನು ಬೇರೆ ರೀತಿ ಪೋಣಿಸಿ ನೋಡಿ: ಎಚ್–ಸಿ=ಓ–ಎಚ್. ನಾಲ್ಕು ಗೆರೆ, ಸಿ ಮೇಲೆ ಒಂದು ಜೋಡಿ, ಓ ಮೇಲೆ ಒಂದು ಜೋಡಿ. ಒಟ್ಟು 12 ಸರಿಯಾಗಿದೆ. ಎಲ್ಲರಿಗೂ ಅಷ್ಟಕವೂ ತುಂಬಿದೆ. ಎಣಿಕೆ ಮಾತ್ರ ನೋಡುವವರು ಇದನ್ನೂ ಒಪ್ಪಿಬಿಡಬೇಕು. ಫಾರ್ಮಲ್ ಚಾರ್ಜ್ ನೋಡಿದರೆ ಸಿ ಮೇಲೆ −1, ಓ ಮೇಲೆ +1 ಬರುತ್ತದೆ. ಎಲೆಕ್ಟ್ರಾನ್ ಜಾಸ್ತಿ ಸೆಳೆಯುವ ಆಕ್ಸಿಜನ್ ಮೇಲೆ ಧನ, ಕಡಿಮೆ ಸೆಳೆಯುವ ಕಾರ್ಬನ್ ಮೇಲೆ ಋಣ. ಪಕ್ಕದಲ್ಲೇ ಎಲ್ಲ ಸೊನ್ನೆ ಇರುವ ರಚನೆ ಇರುವಾಗ ಇದನ್ನು ಯಾಕೆ ಆರಿಸುತ್ತೀರಿ?

ಗೆರೆ ಎಷ್ಟು ಬೇಕು ಅಂತ ಮೊದಲೇ ತಿಳಿಯಲು

ಒಂದು ಅಡ್ಡದಾರಿ ಇದೆ, ತಾಳೆ ನೋಡಲು ತುಂಬಾ ಉಪಯೋಗ. ಪ್ರತಿ ಪರಮಾಣುವಿಗೂ ಬೇಕಾದ ಎಲೆಕ್ಟ್ರಾನ್ ಕೂಡಿ: ಹೈಡ್ರೋಜನ್‌ಗೆ 2, ಉಳಿದವಕ್ಕೆ 8. ಅದರಿಂದ ಇರುವ ಎಲೆಕ್ಟ್ರಾನ್ ಕಳೆಯಿರಿ. ಬಂದದ್ದನ್ನು ಎರಡರಿಂದ ಭಾಗಿಸಿ. ಅಷ್ಟು ಗೆರೆ ಬೇಕು.

ಫಾರ್ಮಾಲ್ಡಿಹೈಡ್‌ಗೆ ಬೇಕಾದದ್ದು 8+8+2+2, ಅಂದರೆ 20. ಇರುವುದು 12. ವ್ಯತ್ಯಾಸ 8. ನಾಲ್ಕು ಗೆರೆ. ಮೂರು ಜೋಡಣೆಗೆ ನಾಲ್ಕು ಗೆರೆ ಬೇಕು ಅಂದರೆ ಎಲ್ಲೋ ಒಂದು ಕಡೆ ದ್ವಿಬಂಧ ಇದೆ ಅಂತಲೇ ಅರ್ಥ. ನೈಟ್ರೋಜನ್ ಅನಿಲಕ್ಕೆ ಬೇಕಾದದ್ದು 16, ಇರುವುದು 10, ವ್ಯತ್ಯಾಸ 6. ಮೂರು ಗೆರೆ, ಜೋಡಣೆ ಒಂದೇ. ತ್ರಿಬಂಧ. ಕೆಸಿಇಟಿ, ನೀಟ್‌ನಂಥ ಕಡೆ ಚಿತ್ರ ಬರೆಯುವಷ್ಟು ಪುರುಸೊತ್ತು ಇಲ್ಲದಾಗ ಇದೊಂದು ಸಾಲಿನ ಲೆಕ್ಕ ಸಾಕಾಗುತ್ತದೆ. ಅಷ್ಟಕ ನಿಯಮ ಮುರಿಯುವ ಅಣುಗಳಿಗೆ ಮಾತ್ರ ಇದನ್ನು ಹಾಕಬೇಡಿ.

ಸುಲಭದವು

ಮೀಥೇನ್: 4+4, ಒಟ್ಟು 8. ನಾಲ್ಕು ಗೆರೆ, ಮುಗಿಯಿತು. ಅಮೋನಿಯಾ: 5+3, ಒಟ್ಟು 8. ಮೂರು ಗೆರೆಗೆ 6 ಹೋಯಿತು, ಉಳಿದ 2 ನೈಟ್ರೋಜನ್ ಮೇಲೆ ಒಂಟಿ ಜೋಡಿ. ನೀರು: 2+6, ಒಟ್ಟು 8. ಎರಡು ಗೆರೆ, ಆಕ್ಸಿಜನ್ ಮೇಲೆ ಎರಡು ಜೋಡಿ. ಮೂರರಲ್ಲೂ 8 ಎಲೆಕ್ಟ್ರಾನ್, ಗೆರೆ ಮತ್ತು ಚುಕ್ಕಿಯ ಹಂಚಿಕೆ ಮಾತ್ರ ಬೇರೆ. ಅಮೋನಿಯಾದ ಆ ಒಂಟಿ ಜೋಡಿಯನ್ನು ಹಾಕದೆ ಬಿಟ್ಟರೆ ಉತ್ತರ ಅರ್ಧ. ಅಮೋನಿಯಾ ಪ್ರತ್ಯಾಮ್ಲವಾಗಿ ನಡೆದುಕೊಳ್ಳುವುದೇ ಆ ಜೋಡಿಯಿಂದ.

ಕಾರ್ಬನ್‌ನ ಎರಡು ಆಕ್ಸೈಡ್‌ಗಳು

ಇವೆರಡನ್ನು ಒಟ್ಟಿಗೆ ಬರೆದು ನೋಡಿದರೆ ವಿಧಾನ ಚೆನ್ನಾಗಿ ಕೈಗೆ ಹತ್ತುತ್ತದೆ.

ಕಾರ್ಬನ್ ಡೈಆಕ್ಸೈಡ್, ಸಿಓ₂. ಒಟ್ಟು 4+12, ಅಂದರೆ 16. ಸಿ ಮಧ್ಯಕ್ಕೆ, ಎರಡು ಗೆರೆ, ಉಳಿದದ್ದು 12. ಎರಡೂ ಆಕ್ಸಿಜನ್‌ಗೆ ಆರಾರು ಕೊಟ್ಟರೆ ಖಾಲಿ. ಕಾರ್ಬನ್ ಸುತ್ತ ಬರೀ 4 ಇದೆ, ಇನ್ನೂ 4 ಬೇಕು, ಅಂದರೆ ಎರಡು ಜೋಡಿ ಎಳೆಯಬೇಕು. ಎಲ್ಲಿಂದ? ಒಂದೇ ಕಡೆಯಿಂದ ಎರಡು ಜೋಡಿ ಎಳೆದರೆ ಒಂದು ಕಡೆ ತ್ರಿಬಂಧ, ಇನ್ನೊಂದು ಕಡೆ ಏಕಬಂಧ. ಎರಡೂ ಕಡೆಯಿಂದ ಒಂದೊಂದು ಎಳೆದರೆ ಓ=ಸಿ=ಓ. ಎರಡೂ 16ಕ್ಕೆ ಹೊಂದುತ್ತವೆ. ಫಾರ್ಮಲ್ ಚಾರ್ಜ್ ತೀರ್ಪು ಕೊಡಲಿ. ತ್ರಿಬಂಧದ ಓ ಮೇಲೆ 6−2−3, ಅಂದರೆ +1. ಏಕಬಂಧದ ಓ ಮೇಲೆ 6−6−1, ಅಂದರೆ −1. ಓ=ಸಿ=ಓನಲ್ಲಿ ಎಲ್ಲ ಸೊನ್ನೆ. ಎರಡನೆಯದೇ ಸರಿ.

ಕಾರ್ಬನ್ ಮಾನಾಕ್ಸೈಡ್, ಸಿಓ. ಒಟ್ಟು 10. ಒಂದು ಗೆರೆ, ಉಳಿದದ್ದು 8. ಇಲ್ಲಿ ಮಧ್ಯ, ಅಂಚು ಅಂತ ಇಲ್ಲ, ಇಬ್ಬರೇ. ಆಕ್ಸಿಜನ್‌ಗೆ ಮೊದಲು 6 ಕೊಡಿ, ಉಳಿದ 2 ಕಾರ್ಬನ್‌ಗೆ. ಈಗ ಆಕ್ಸಿಜನ್‌ಗೆ 8 ತುಂಬಿದೆ, ಕಾರ್ಬನ್ ಸುತ್ತ 4 ಮಾತ್ರ. ಆಕ್ಸಿಜನ್‌ನಿಂದ ಒಂದು ಜೋಡಿ ಎಳೆಯಿರಿ: ದ್ವಿಬಂಧ, ಕಾರ್ಬನ್‌ಗೆ 6. ಇನ್ನೂ ಸಾಲದು. ಇನ್ನೊಂದು ಜೋಡಿ ಎಳೆಯಿರಿ: ತ್ರಿಬಂಧ, ಕಾರ್ಬನ್‌ಗೆ 8. ಎರಡೂ ತುದಿಯಲ್ಲಿ ಒಂದೊಂದು ಒಂಟಿ ಜೋಡಿ.

ಕೈ ಲೆಕ್ಕದವರು ಇಲ್ಲಿ ದ್ವಿಬಂಧಕ್ಕೇ ನಿಲ್ಲುತ್ತಾರೆ. ಅವರ ವಾದವೂ ತಮಾಷೆಯಾಗಿದೆ. ದ್ವಿಬಂಧದ ರಚನೆಯಲ್ಲಿ ಫಾರ್ಮಲ್ ಚಾರ್ಜ್ ಎರಡೂ ಕಡೆ ಸೊನ್ನೆ, ತ್ರಿಬಂಧದಲ್ಲಿ ಸಿ ಮೇಲೆ 4−2−3, ಅಂದರೆ −1, ಓ ಮೇಲೆ +1. ಹಾಗಾದರೆ ದ್ವಿಬಂಧವೇ ಮೇಲಲ್ವಾ ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಉತ್ತರ ಇಷ್ಟು: ಕಾರ್ಬನ್, ನೈಟ್ರೋಜನ್, ಆಕ್ಸಿಜನ್‌ಗಳ ಮಟ್ಟಿಗೆ ಅಷ್ಟಕ ತುಂಬುವುದು ಮೊದಲು, ಫಾರ್ಮಲ್ ಚಾರ್ಜ್ ಆಮೇಲೆ. ಅಷ್ಟಕ ತುಂಬಿದ ರಚನೆ ಒಂದಕ್ಕಿಂತ ಹೆಚ್ಚು ಇದ್ದಾಗ ಅವುಗಳಲ್ಲಿ ಆರಿಸಲು ಫಾರ್ಮಲ್ ಚಾರ್ಜ್ ಬಳಸುತ್ತೇವೆ.

ಪ್ರಕೃತಿ ಯಾರ ಕಡೆ ಇದೆ ಅಂತ ಅಳತೆಯಿಂದಲೂ ನೋಡಬಹುದು. ಬಂಧದಲ್ಲಿ ಗೆರೆ ಹೆಚ್ಚಿದಷ್ಟೂ ಪರಮಾಣುಗಳು ಹತ್ತಿರ ಬರುತ್ತವೆ. ಮೆಥನಾಲ್‌ನ ಸಿ–ಓ ಏಕಬಂಧ ಸುಮಾರು 143 ಪಿಕೋಮೀಟರ್. ಫಾರ್ಮಾಲ್ಡಿಹೈಡ್‌ನ ದ್ವಿಬಂಧ ಸುಮಾರು 121. ಕಾರ್ಬನ್ ಡೈಆಕ್ಸೈಡ್‌ನಲ್ಲಿ 116. ಕಾರ್ಬನ್ ಮಾನಾಕ್ಸೈಡ್‌ನಲ್ಲಿ ಸುಮಾರು 113, ಇವೆಲ್ಲದಕ್ಕಿಂತ ಗಿಡ್ಡ. ಕಾರ್ಬನ್ ಮೇಲೆ −1 ಬಂದದ್ದೂ ಪೂರ್ತಿ ಕಾಗದದ ಮೇಲಿನ ಮಾತಲ್ಲ. ಅಳೆದು ನೋಡಿದಾಗ ಈ ಅಣುವಿನ ಕಾರ್ಬನ್ ತುದಿಯೇ ತುಸು ಋಣ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ಜೀವ ತೆಗೆಯುವ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ನ ಕಬ್ಬಿಣಕ್ಕೆ ಅಂಟಿಕೊಳ್ಳುವುದೂ ಕಾರ್ಬನ್ ಕಡೆಯಿಂದಲೇ, ಅಲ್ಲಿರುವ ಒಂಟಿ ಜೋಡಿಯ ಮೂಲಕ.

ಅಯಾನುಗಳು: ಆವರಣ ಮರೆಯಬೇಡಿ

ಅಮೋನಿಯಂ ಅಯಾನು: 5+4, ಒಂಬತ್ತು. ಧನ ಚಾರ್ಜ್ ಒಂದು, ಹಾಗಾಗಿ ಒಂದು ಕಳೆದು 8. ನಾಲ್ಕು ಗೆರೆ, ಚುಕ್ಕಿ ಇಲ್ಲ. ನೈಟ್ರೋಜನ್ ಫಾರ್ಮಲ್ ಚಾರ್ಜ್ 5−4, ಅಂದರೆ +1. ಇಡೀ ಚಿತ್ರಕ್ಕೆ ಚೌಕ ಆವರಣ ಹಾಕಿ ಹೊರಗೆ ಮೇಲ್ಗಡೆ ಪ್ಲಸ್ ಬರೆಯಿರಿ.

ನೈಟ್ರೇಟ್: 5+18, ಇಪ್ಪತ್ತಮೂರು. ಋಣ ಒಂದು, ಕೂಡಿ 24. ಎನ್ ಮಧ್ಯಕ್ಕೆ, ಮೂರು ಗೆರೆ, ಉಳಿದ 18 ಮೂರು ಆಕ್ಸಿಜನ್‌ಗೆ ಆರಾರು. ನೈಟ್ರೋಜನ್‌ಗೆ 6 ಮಾತ್ರ ಇದೆ, ಒಂದು ಜೋಡಿ ಎಳೆಯಬೇಕು. ಒಂದು ದ್ವಿಬಂಧ, ಎರಡು ಏಕಬಂಧ. ಫಾರ್ಮಲ್ ಚಾರ್ಜ್: ಎನ್ ಮೇಲೆ +1, ದ್ವಿಬಂಧದ ಓ ಮೇಲೆ 0, ಉಳಿದ ಎರಡು ಓ ಮೇಲೆ −1, −1. ಕೂಡಿದರೆ −1. ಅಯಾನಿನ ಚಾರ್ಜ್‌ಗೆ ಸರಿಯಾಗಿ ಹೊಂದಿತು. ಫಾರ್ಮಲ್ ಚಾರ್ಜ್‌ಗಳ ಮೊತ್ತ ಯಾವಾಗಲೂ ಒಟ್ಟು ಚಾರ್ಜ್‌ಗೆ ಸಮ ಇರಲೇಬೇಕು. ಇಲ್ಲದಿದ್ದರೆ ಎಲ್ಲೋ ಚುಕ್ಕಿ ತಪ್ಪಿದೆ.

ಈಗ ಪ್ರಶ್ನೆ: ಮೂರು ಆಕ್ಸಿಜನ್‌ಗಳಲ್ಲಿ ಯಾವುದರಿಂದ ಜೋಡಿ ಎಳೆಯಬೇಕು? ಯಾವುದರಿಂದ ಬೇಕಾದರೂ. ಹಾಗಾಗಿ ಮೂರು ಚಿತ್ರಗಳು ಸಿಗುತ್ತವೆ. ಮೂರನ್ನೂ ಬರೆದು ನಡುವೆ ಎರಡು ತಲೆಯ ಬಾಣ ಹಾಕಬೇಕು. ಇದಕ್ಕೆ ಅನುರಣನ ಎನ್ನುತ್ತಾರೆ. ಅಯಾನು ಒಂದು ಕ್ಷಣ ಈ ಚಿತ್ರ, ಮರುಕ್ಷಣ ಆ ಚಿತ್ರ ಅಂತ ಕುಣಿಯುತ್ತಿರುತ್ತದೆ ಎಂದು ಬಹಳ ಮಂದಿ ತಿಳಿದುಕೊಂಡಿದ್ದಾರೆ. ಹಾಗಲ್ಲ. ನಿಜವಾದ ಅಯಾನು ಒಂದೇ, ಅದರಲ್ಲಿ ಮೂರೂ ಬಂಧ ಒಂದೇ ಉದ್ದ, ಸುಮಾರು 124 ಪಿಕೋಮೀಟರ್. ನಮ್ಮ ಗೆರೆ–ಚುಕ್ಕಿಗೆ ಅದನ್ನು ಒಂದೇ ಚಿತ್ರದಲ್ಲಿ ಹೇಳುವ ಶಕ್ತಿ ಇಲ್ಲ, ಅದಕ್ಕೆ ಮೂರು ಬೇಕಾಯಿತು.

ಓಝೋನ್ ಕೂಡ ಇದೇ ಜಾತಿ. ಒಟ್ಟು 18. ಎರಡು ಗೆರೆಗೆ 4, ಅಂಚಿನ ಎರಡಕ್ಕೆ 12, ಉಳಿದ 2 ಮಧ್ಯದ ಓ ಮೇಲೆ. ಮಧ್ಯದ್ದಕ್ಕೆ ಈಗ 6, ಒಂದು ಜೋಡಿ ಎಳೆಯಿರಿ. ಎಡಗಡೆಯಿಂದ ಎಳೆದರೆ ಒಂದು ಚಿತ್ರ, ಬಲಗಡೆಯಿಂದ ಎಳೆದರೆ ಇನ್ನೊಂದು. ನಿಜದಲ್ಲಿ ಎರಡೂ ಬಂಧ ಸುಮಾರು 128 ಪಿಕೋಮೀಟರ್. ಆಕ್ಸಿಜನ್ ಅನಿಲದ ದ್ವಿಬಂಧ 121, ಹೈಡ್ರೋಜನ್ ಪೆರಾಕ್ಸೈಡ್‌ನ ಓ–ಓ ಏಕಬಂಧ ಸುಮಾರು 147. ಓಝೋನ್ ಇವೆರಡರ ನಡುವೆ ಬಂತು.

ನಿಯಮ ಮುರಿಯುವವರು

ಅಮೆರಿಕದ ರಸಾಯನವಿಜ್ಞಾನಿ ಗಿಲ್ಬರ್ಟ್ ಲೂಯಿಸ್ 1902ರಲ್ಲೇ ಪಾಠ ಮಾಡುವಾಗ ಪರಮಾಣುವನ್ನು ಒಂದು ಘನದ ಹಾಗೆ ಗೀಚಿ, ಎಂಟು ಮೂಲೆಯಲ್ಲಿ ಎಂಟು ಎಲೆಕ್ಟ್ರಾನ್ ಇಟ್ಟಿದ್ದರು. 1916ರಲ್ಲಿ, ಬರ್ಕ್ಲಿಯಲ್ಲಿದ್ದಾಗ ಪ್ರಕಟಿಸಿದ ಪ್ರಬಂಧದಲ್ಲಿ, ಹಂಚಿಕೊಂಡ ಒಂದು ಜೋಡಿ ಎಲೆಕ್ಟ್ರಾನೇ ಒಂದು ಬಂಧ ಎಂದರು. ಇಂದಿನ ಕ್ವಾಂಟಮ್ ಸಿದ್ಧಾಂತ ಬರಲು ಆಗ ಇನ್ನೂ ಸುಮಾರು ಹತ್ತು ವರ್ಷ ಇತ್ತು. ಅಷ್ಟು ಹಳೆಯ ಉಪಾಯ ಇವತ್ತಿಗೂ ಇಷ್ಟು ಕೆಲಸ ಮಾಡುತ್ತದೆ ಎಂಬುದೇ ಆಶ್ಚರ್ಯ. ಆದರೆ ಎಲ್ಲ ಕಡೆ ಅಲ್ಲ.

ಕಡಿಮೆ ಬೀಳುವವು: ಬೋರಾನ್ ಟ್ರೈಫ್ಲೋರೈಡ್. ಒಟ್ಟು 24, ಮೂರು ಗೆರೆ, ಮೂರು ಫ್ಲೋರಿನ್‌ಗೆ ಆರಾರು, ಮುಗಿಯಿತು. ಬೋರಾನ್ ಸುತ್ತ 6 ಮಾತ್ರ. ಇಲ್ಲಿ ಐದನೇ ಹಂತ ಮಾಡಿ ದ್ವಿಬಂಧ ಹಾಕಿದರೆ ಫ್ಲೋರಿನ್ ಮೇಲೆ +1 ಬರುತ್ತದೆ. ಎಲ್ಲರಿಗಿಂತ ಜಾಸ್ತಿ ಎಲೆಕ್ಟ್ರಾನ್ ಸೆಳೆಯುವ ಫ್ಲೋರಿನ್ ಮೇಲೆ ಧನ ಚಾರ್ಜ್ ಹೊಂದುವ ಮಾತಲ್ಲ. ಹಾಗಾಗಿ ಆರಕ್ಕೇ ಬಿಡಿ. ಇದೇ ಕೊರತೆಯಿಂದ ಅದು ಅಮೋನಿಯಾದ ಒಂಟಿ ಜೋಡಿಯನ್ನು ಕಂಡರೆ ಹೋಗಿ ಸೇರಿಕೊಳ್ಳುತ್ತದೆ.

ಬೆಸ ಸಂಖ್ಯೆಯವು: ನೈಟ್ರಿಕ್ ಆಕ್ಸೈಡ್, ಒಟ್ಟು 11. ಹೇಗೆ ಹಂಚಿದರೂ ಒಂದು ಎಲೆಕ್ಟ್ರಾನ್ ಒಂಟಿ ಉಳಿಯುತ್ತದೆ. ದ್ವಿಬಂಧ ಹಾಕಿ, ಓ ಮೇಲೆ ಎರಡು ಜೋಡಿ, ಎನ್ ಮೇಲೆ ಒಂದು ಜೋಡಿ ಮತ್ತು ಒಂದು ಒಂಟಿ ಚುಕ್ಕಿ ಇಡಿ. ಮೊದಲ ಹಂತದಲ್ಲೇ ಬೆಸ ಸಂಖ್ಯೆ ಬಂದರೆ, ಎಣಿಕೆ ತಪ್ಪಿಲ್ಲ ಅಂತ ಒಮ್ಮೆ ನೋಡಿಕೊಂಡು ಧೈರ್ಯವಾಗಿ ಮುಂದೆ ಹೋಗಿ.

ಹೆಚ್ಚಾಗುವವು: ಫಾಸ್ಫರಸ್ ಪೆಂಟಾಕ್ಲೋರೈಡ್‌ನಲ್ಲಿ ಫಾಸ್ಫರಸ್ ಸುತ್ತ 10, ಸಲ್ಫರ್ ಹೆಕ್ಸಾಫ್ಲೋರೈಡ್‌ನಲ್ಲಿ ಸಲ್ಫರ್ ಸುತ್ತ 12. ಮೂರನೇ ಆವರ್ತದಿಂದ ಕೆಳಗಿನ ಧಾತುಗಳು ಮಧ್ಯದಲ್ಲಿದ್ದಾಗ ಮಾತ್ರ ಹೀಗೆ. ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್ ಸುತ್ತ ಎಂಟಕ್ಕಿಂತ ಹೆಚ್ಚು ಕಂಡರೆ ಹಿಂದೆಮುಂದೆ ನೋಡದೆ ಅಳಿಸಿ. ಸಲ್ಫೇಟ್‌ಗೆ ಎಲ್ಲ ಏಕಬಂಧ ಹಾಕುವವರೂ ಇದ್ದಾರೆ, ಎರಡು ದ್ವಿಬಂಧ ಹಾಕಿ ಸಲ್ಫರ್‌ನ ಫಾರ್ಮಲ್ ಚಾರ್ಜ್ ಸೊನ್ನೆ ಮಾಡುವವರೂ ಇದ್ದಾರೆ. ಈ ಜಗಳ ಇನ್ನೂ ಮುಗಿದಿಲ್ಲ. ಪರೀಕ್ಷೆಗಾದರೆ ನಿಮ್ಮ ಪಠ್ಯಪುಸ್ತಕದಲ್ಲಿ ಹೇಗಿದೆಯೋ ಹಾಗೆ ಬರೆಯಿರಿ.

ಎಲ್ಲ ನಿಯಮ ಪಾಲಿಸಿದರೂ ಚಿತ್ರ ಪೂರ್ತಿ ನಿಜ ಹೇಳದ ಒಂದು ಅಣು ನಮ್ಮ ಉಸಿರಿನಲ್ಲೇ ಇದೆ. ಆಕ್ಸಿಜನ್ ಅನಿಲಕ್ಕೆ 12 ಎಲೆಕ್ಟ್ರಾನ್, ಒಂದು ದ್ವಿಬಂಧ, ತಲಾ ಎರಡು ಒಂಟಿ ಜೋಡಿ. ಎಲ್ಲವೂ ಜೋಡಿಜೋಡಿ. ಆದರೆ ದ್ರವ ಆಕ್ಸಿಜನ್ ಸುರಿದರೆ ಬಲವಾದ ಆಯಸ್ಕಾಂತದ ಎರಡು ಧ್ರುವಗಳ ನಡುವೆ ಅಂಟಿ ನಿಲ್ಲುತ್ತದೆ. ಜೋಡಿಯಾಗದ ಎಲೆಕ್ಟ್ರಾನ್ ಇಲ್ಲದೆ ಹಾಗಾಗುವುದಿಲ್ಲ. ಅದನ್ನು ವಿವರಿಸಲು ಅಣು ಕಕ್ಷಕ ಸಿದ್ಧಾಂತ ಬೇಕು. ಪರೀಕ್ಷೆಯಲ್ಲಿ ಲೂಯಿಸ್ ರಚನೆ ಕೇಳಿದರೆ ಮಾತ್ರ ಆ ದ್ವಿಬಂಧದ ಚಿತ್ರವನ್ನೇ ಬರೆಯಬೇಕು.

ಇನ್ನೊಂದು ಮಾತು, ಆಕಾರದ ಬಗ್ಗೆ. ಲೂಯಿಸ್ ರಚನೆ ಯಾರು ಯಾರಿಗೆ ಅಂಟಿದ್ದಾರೆ ಎಂದು ಹೇಳುತ್ತದೆ, ಕೋನ ಹೇಳುವುದಿಲ್ಲ. ನೀರನ್ನು ಎಚ್–ಓ–ಎಚ್ ಎಂದು ನೇರವಾಗಿ ಬರೆದರೆ ತಪ್ಪಲ್ಲ. ನಿಜವಾದ ಕೋನ 104.5 ಡಿಗ್ರಿ. ಆದರೆ ಕೋನ ಊಹಿಸಲು ಬೇಕಾದ ಮಾಹಿತಿ ಈ ಚಿತ್ರದಲ್ಲೇ ಇದೆ. ಮಧ್ಯದ ಪರಮಾಣುವಿನ ಸುತ್ತ ಎಷ್ಟು ಕಡೆ ಎಲೆಕ್ಟ್ರಾನ್ ಇವೆ, ಅದರಲ್ಲಿ ಎಷ್ಟು ಒಂಟಿ ಜೋಡಿ ಎಂದು ಎಣಿಸಿ. ಮೀಥೇನ್‌ನಲ್ಲಿ ನಾಲ್ಕೂ ಬಂಧ, 109.5 ಡಿಗ್ರಿ. ಅಮೋನಿಯಾದಲ್ಲಿ ಒಂದು ಒಂಟಿ ಜೋಡಿ ಬಂಧಗಳನ್ನು ಒತ್ತಿ ಸುಮಾರು 107ಕ್ಕೆ ಇಳಿಸುತ್ತದೆ. ನೀರಿನಲ್ಲಿ ಎರಡು ಒಂಟಿ ಜೋಡಿ, ಕೋನ ಇನ್ನೂ ಕಡಿಮೆ. ಚುಕ್ಕಿ ಹಾಕಲು ಸೋಮಾರಿತನ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಅಭ್ಯಾಸಕ್ಕೆ ನಾಲ್ಕು

ಉತ್ತರ ಓದುವ ಮೊದಲು ಒಮ್ಮೆ ಬರೆದು ನೋಡಿ.

ಹೈಡ್ರೋಜನ್ ಸಯನೈಡ್, ಎಚ್‌ಸಿಎನ್: ಒಟ್ಟು 10. ಎರಡು ಗೆರೆಗೆ 4, ಉಳಿದ 6 ಎನ್‌ಗೆ. ಕಾರ್ಬನ್‌ಗೆ 4 ಕಡಿಮೆ, ಎನ್‌ನಿಂದ ಎರಡು ಜೋಡಿ ಎಳೆಯಬೇಕು. ಎಚ್‌ಗೆ ಏಕಬಂಧ, ಎನ್‌ಗೆ ತ್ರಿಬಂಧ, ಎನ್ ಮೇಲೆ ಒಂದು ಜೋಡಿ. ಎಲ್ಲ ಚಾರ್ಜ್ ಸೊನ್ನೆ.

ನೈಟ್ರೈಟ್ ಅಯಾನು: 5+12+1, ಅಂದರೆ 18. ಓಝೋನ್‌ನದೇ ಎಣಿಕೆ, ಚಿತ್ರವೂ ಅದೇ. ಮಧ್ಯದ ಓ ಜಾಗದಲ್ಲಿ ಎನ್ ಇಡಿ, ಆವರಣ ಹಾಕಿ, ಹೊರಗೆ ಮೈನಸ್.

ನೈಟ್ರಸ್ ಆಕ್ಸೈಡ್, ಅಂದರೆ ನಗಿಸುವ ಅನಿಲ: ಒಟ್ಟು 16. ಇಲ್ಲಿ ಸಾಲು ಎನ್–ಎನ್–ಓ, ಆಕ್ಸಿಜನ್ ಮಧ್ಯಕ್ಕೆ ಬರುವುದಿಲ್ಲ. ಎಡದ ಎನ್ ಕಡೆ ತ್ರಿಬಂಧ, ಓ ಕಡೆ ಏಕಬಂಧ ಹಾಕಿದರೆ ಮಧ್ಯದ ಎನ್ ಮೇಲೆ +1, ಓ ಮೇಲೆ −1. ಎರಡೂ ಕಡೆ ದ್ವಿಬಂಧ ಹಾಕಿದರೆ ಮಧ್ಯದ್ದು +1, ಅಂಚಿನ ಎನ್ ಮೇಲೆ −1. ಎರಡೂ ಅನುರಣನ ರಚನೆಗಳೇ. ಋಣ ಚಾರ್ಜ್ ಆಕ್ಸಿಜನ್ ಮೇಲೆ ಬರುವ ಮೊದಲನೆಯದಕ್ಕೆ ತೂಕ ಜಾಸ್ತಿ.

ಕೊನೆಯದು ಗದ್ದೆಗೆ ಹಾಕುವ ಯೂರಿಯಾ. ಮಧ್ಯದಲ್ಲಿ ಸಿ, ಅದಕ್ಕೆ ಒಂದು ಓ, ಎರಡು ಎನ್. ಪ್ರತಿ ಎನ್‌ಗೆ ಎರಡು ಎಚ್. ಒಟ್ಟು 4+6+10+4, ಅಂದರೆ 24. ಬೇಕಾದದ್ದು 40, ವ್ಯತ್ಯಾಸ 16, ಎಂಟು ಗೆರೆ. ಜೋಡಣೆ ಏಳು ಇವೆ, ಹಾಗಾಗಿ ಒಂದು ದ್ವಿಬಂಧ, ಅದು ಸಿ ಮತ್ತು ಓ ನಡುವೆ. ಉಳಿದ 8ರಲ್ಲಿ ಓ ಮೇಲೆ ಎರಡು ಜೋಡಿ, ಪ್ರತಿ ಎನ್ ಮೇಲೆ ಒಂದು ಜೋಡಿ. ಎಲ್ಲ ಸೊನ್ನೆ. ಇಷ್ಟಕ್ಕೆ ಪೂರ್ತಿ ಮಾರ್ಕ್ಸ್ ಸಿಗುತ್ತದೆ. ಪುರುಸೊತ್ತಿದ್ದರೆ ಒಂದು ಎನ್ ಮೇಲಿನ ಜೋಡಿಯನ್ನು ಸಿ ಕಡೆಗೆ ಎಳೆದು, ಓ ಕಡೆಯ ಒಂದು ಗೆರೆಯನ್ನು ಚುಕ್ಕಿಯಾಗಿಸಿ ಓ ಮೇಲೆ ಇಟ್ಟು ನೋಡಿ. ಎನ್ ಮೇಲೆ +1, ಓ ಮೇಲೆ −1 ಬರುತ್ತದೆ. ಈ ರಚನೆಗೂ ಯೂರಿಯಾದಲ್ಲಿ ಸ್ವಲ್ಪ ಪಾಲಿದೆ. ಅದಕ್ಕೇ ಅದರ ಸಿ–ಎನ್ ಬಂಧಗಳು ಸಾಮಾನ್ಯ ಏಕಬಂಧಕ್ಕಿಂತ ಗಿಡ್ಡವಾಗಿವೆ.